ಅಡುಗೆಮನೆಗೂ ಕೇಳಿಸಿದ ವ್ಯತ್ಯಾಸ

ಮಾರ್ಚ್ ೩, ಸೋಮವಾರ

ವಿಮರ್ಶೆಗೆಂದು ಕಂಪನಿಯವರು ಕಳುಹಿಸಿದ ಆಂಪ್ಲಿಫೈಯರ್ ಬಂತು. ಹೊತ್ತು ತಂದವರು ಇಬ್ಬರು, ಸಾಲದ್ದಕ್ಕೆ ನನ್ನ ಭಾವಮೈದುನನೂ ಕೈ ಹಾಕಬೇಕಾಯಿತು. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಇಳಿಸಿ ಏದುಸಿರು ಬಿಡುತ್ತಾ, "ಭಾವ, ಇದರೊಳಗೆ ಆಂಪ್ಲಿಫೈಯರ್ ಮಾತ್ರ ಇದೆಯೋ, ಮಾಡಿದವನೂ ಕೂತಿದಾನೋ?" ಎಂದ. ಬೆಲೆ ಕೇಳಿದ. ಒಂದು ಕಾರಿನ ಬೆಲೆ ಎಂದೆ. "ಹಾಗಾದ್ರೆ ಒಂದು ಸುತ್ತು ಕರ್ಕೊಂಡು ಹೋಗಿ" ಎಂದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಅವನದೂ ಒಂದು ಆಂಪ್ಲಿಫೈಯರ್ ನನ್ನ ಮನೆಯಲ್ಲೇ ಬಿದ್ದಿದೆ. ಟಿವಿ ಕೊಂಡಾಗ ಅಂಗಡಿಯವನು ಅರ್ಧ ಬೆಲೆಗೆ ಅವನ ತಲೆಗೆ ಕಟ್ಟಿದ್ದು. ಗುಂಡಿ ಸಡಿಲವಾಗಿದೆ ಎಂದು ತಂದುಕೊಟ್ಟ, ಸರಿಮಾಡಿಟ್ಟೆ, ಒಯ್ಯಲಿಲ್ಲ. ಹೋಲಿಸಿ ನೋಡಲು ಇರಲಿ ಎಂದು ಅದನ್ನೂ ಪಕ್ಕದಲ್ಲಿಟ್ಟೆ. ಆನೆಯ ಪಕ್ಕ ಆಡು ನಿಂತ ಹಾಗಿದೆ.

ಸಂಜೆ ಕೂತು, ಎಂದಿನಂತೆ ಮೊದಲು ಒಂಟಿ ಚೆಲ್ಲೋ ಎಂಬ ದೊಡ್ಡ ಪಿಟೀಲಿನ ರೆಕಾರ್ಡು, ಆಮೇಲೆ ಹಾಡು ಹಾಕಿ ಕೇಳಿದೆ. ದೊಡ್ಡದರಲ್ಲಿ, ಹಾಡುವವಳು ಬಾಯಿ ತೆರೆಯುವ ಮುನ್ನ ಎಳೆದುಕೊಳ್ಳುವ ಉಸಿರೂ ಕೋಣೆಯೊಳಗೆ ಬಂದು ನಿಂತಿತು. ಚಿಕ್ಕದಕ್ಕೆ ಬದಲಾಯಿಸಿದೆ. ಉಸಿರು ಇತ್ತು, ಉಸಿರಾಡುವವಳು ಇರಲಿಲ್ಲ. ಮತ್ತೆ ದೊಡ್ಡದಕ್ಕೆ ಬಂದು, ಕೂತಲ್ಲಿಂದಲೇ "ಹೇಗಿದೆ?" ಎಂದು ಕೂಗಿದೆ. "ಚೆನ್ನಾಗಿದೆ" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಇನ್ನು ಬರೆಯಲು ಅಡ್ಡಿಯಿಲ್ಲ.

ಮಾರ್ಚ್ ೬, ಗುರುವಾರ

ವಿಮರ್ಶೆ ಮುಗಿಸಿ ಪತ್ರಿಕೆಗೆ ಕಳುಹಿಸಿದೆ. ಕೊನೆಯ ಸಾಲು ಎಂದಿನದೇ: "ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ವ್ಯತ್ಯಾಸ ಕೇಳಿಸಿತು." ಓದುಗರಿಗೆ ಈ ಸಾಲು ಬೇಕೇ ಬೇಕು. ನನ್ನದು ಪಳಗಿದ ಕಿವಿ, ಅದಕ್ಕೆ ಕೇಳಿಸುವುದು ದೊಡ್ಡ ವಿಷಯವಲ್ಲ. ಈ ವಿದ್ಯೆಯ ಗಂಧಗಾಳಿ ಇಲ್ಲದವಳಿಗೆ, ಅದೂ ಗೋಡೆಯಾಚೆ ಇದ್ದವಳಿಗೆ ಕೇಳಿಸಿತೆಂದರೆ ಮುಗಿಯಿತು, ಮತ್ತೆ ಮಾತಿಲ್ಲ. ಒಂದು ತಿಂಗಳು ಆ ಸಾಲು ಬಿಟ್ಟುಹೋದಾಗ, ಮನೆಯವರಿಗೆ ಹುಷಾರಿಲ್ಲವೇ ಎಂದು ಕೇಳಿ ಪತ್ರಗಳು ಬಂದಿದ್ದವು.

ಅವಳು ನನ್ನ ಅಂಕಣ ಓದುವುದಿಲ್ಲ. ರಕ್ತಪರೀಕ್ಷೆಯ ಲ್ಯಾಬ್ ಒಂದರ ಮುಖ್ಯಸ್ಥೆ. ಇಡೀ ದಿನ ಅಂಕಿ ನೋಡಿ ಬಂದವಳಿಗೆ ಮನೆಯಲ್ಲಿ ಅಕ್ಷರ ಬೇಡವಂತೆ. ಮನೆ ನಡೆಯುವುದು ಅವಳ ಸಂಬಳದಿಂದ. ಅಂಕಣ ತರುವುದು ನನ್ನ ಮರ್ಯಾದೆಯನ್ನು.

ಮಾರ್ಚ್ ೧೦, ಸೋಮವಾರ

ಆ ಮರ್ಯಾದೆಗೇ ಈಗ ಸಂಚಕಾರ ಬಂದಿದೆ.

ಹೊಸ ಸಂಪಾದಕಿ ಕರೆಸಿದ್ದರು. ಶನಿವಾರ ಎರಡೂ ಆಂಪ್ಲಿಫೈಯರ್‌ಗಳನ್ನು ವ್ಯಾನ್ ಕಳುಹಿಸಿ ತರಿಸಿಕೊಂಡಿದ್ದರು, ಫೋಟೋ ತೆಗೆಯಲು ಇರಬೇಕು ಎಂದುಕೊಂಡಿದ್ದೆ. ಫೋಟೋ ಅಲ್ಲ. ಪತ್ರಿಕೆಗೆ ಒಬ್ಬ ಅಳತೆಗಾರನನ್ನು ಸೇರಿಸಿಕೊಂಡಿದ್ದಾರೆ. ನಲವತ್ತರ ಆಸುಪಾಸಿನ ಮನುಷ್ಯ, ಶರ್ಟಿನ ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್. ಮೀಟರಪ್ಪ ಎಂದು ಮನಸ್ಸಿನಲ್ಲೇ ನಾಮಕರಣ ಮಾಡಿದೆ. ಎರಡೂ ಪೆಟ್ಟಿಗೆಗಳ ಸದ್ದನ್ನು ಅಳೆದ ನಕ್ಷೆ ಎಂದು ಅವನು ಒಂದು ಹಾಳೆ ಮುಂದಿಟ್ಟ. ಹಾಳೆಯ ಮೇಲೆ ಒಂದು ಗೆರೆ.

"ಎರಡು ಆಂಪ್ಲಿಫೈಯರ್ ಅಂದ್ರಿ, ಒಂದೇ ಗೆರೆ ಇದೆಯಲ್ಲ" ಎಂದೆ.

"ಎರಡಿವೆ ಸಾರ್. ಒಂದರ ಮೇಲೊಂದು ಕೂತಿವೆ. ಅದನ್ನೇ ನಾನು ಹೇಳ್ತಿರೋದು."

ನನಗೆ ರೇಗಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಕಿವಿಗೆ ಕೇಳಿಸಿದ್ದಕ್ಕೆ ಹಾಳೆ ಯಾಕೆ ಎಂದೆ. ಅವನು ಜಗಳಕ್ಕೆ ಬರಲಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಸಾರ್. ನನ್ನ ಹಾಳೆಗೆ ಸಿಗದೇ ಇರೋದು ನಿಮ್ಮ ಕಿವಿಗೆ ಸಿಕ್ಕಿರಬಹುದು. ನೋಡೇಬಿಡೋಣ. ಯಾವುದು ಓಡ್ತಾ ಇದೆ ಅಂತ ಗೊತ್ತಿಲ್ಲದೆ, ಬರೀ ಕೇಳಿ ಹೇಳಿ."

ಸಂಪಾದಕಿ ಆಗಲೇ ತೀರ್ಮಾನಿಸಿದ್ದರು. ೨೩ನೇ ತಾರೀಕು, ಭಾನುವಾರ, ನನ್ನದೇ ಮನೆ, ನನ್ನದೇ ಸ್ಪೀಕರ್, ನನ್ನದೇ ಕುರ್ಚಿ. ಹದಿನಾರು ಸುತ್ತು. ದೊಡ್ಡದೋ ಚಿಕ್ಕದೋ ಎಂದು ನಾನು ಬರೆಯಬೇಕು. ಗೆದ್ದರೆ ಮೀಟರಪ್ಪನ ಹಾಳೆ ಕಸದಬುಟ್ಟಿಗೆ. ಸೋತರೆ ವಿಮರ್ಶೆ ಅಚ್ಚಾಗುವುದಿಲ್ಲ, ಮುಂದಿನ ತಿಂಗಳಿಂದ ನನ್ನ ಪುಟ ಅವನಿಗೆ.

ಏಳುವಾಗ ಇನ್ನೊಂದು ಹೇಳಿದರು. "ನಿಮ್ಮ ಮನೆಯವರೂ ಬರೀಬೇಕು. ಅಡುಗೆಮನೆಯಿಂದಾನೇ. ಎಷ್ಟೋ ವರ್ಷದಿಂದ ಅವರೂ ನಮ್ಮ ವಿಮರ್ಶಕರೇ ಅಲ್ವಾ?"

ನಗುತ್ತಾ ಹೇಳಿದರೋ ನಗದೆಯೋ, ನೆನಪಿಲ್ಲ.

ಮಾರ್ಚ್ ೧೧, ಮಂಗಳವಾರ

ಹೆಂಡತಿಗೆ ಹೇಳಿದೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ. ಬೀನ್ಸ್ ಹೆಚ್ಚುತ್ತಿದ್ದಳು. "ನಮ್ಮ ಲ್ಯಾಬಲ್ಲಿ ಯಾವ ಟ್ಯೂಬ್ ಯಾರದ್ದು ಅಂತ ನೋಡೋರಿಗೆ ಗೊತ್ತಿರಲ್ಲ. ಗೊತ್ತಿದ್ರೆ ಕಣ್ಣು ಬೇಕಾದ್ದನ್ನ ನೋಡುತ್ತೆ" ಎಂದಳು. ನಾನು, ರಕ್ತವೇ ಬೇರೆ ಸಂಗೀತವೇ ಬೇರೆ ಎಂದೆ. "ಬರೀತೀನಿ ಬಿಡಿ. ಆದ್ರೆ ನನಗೆ ಏನು ಕೇಳಿಸುತ್ತೋ ಅದನ್ನೇ ಬರೀತೀನಿ" ಎಂದಳು. ಅದಕ್ಕಿಂತ ಇನ್ನೇನು ಬೇಕು?

ಮಾರ್ಚ್ ೧೫, ಶನಿವಾರ

ಆಂಪ್ಲಿಫೈಯರ್‌ಗಳು ವಾಪಸ್ಸು ಬಂದಿವೆ. ಅಭ್ಯಾಸ ಮಾಡಿದೆವು. ನಡುವೆ ಒಂದು ಹಾಸಿಗೆ ಬಟ್ಟೆ ಕಟ್ಟಿ, ಅದರ ಹಿಂದೆ ಹೆಂಡತಿ ನಿಂತು ಬದಲಾಯಿಸಿದಳು. ಹತ್ತಕ್ಕೆ ಹತ್ತು. ಒಂದೂ ತಪ್ಪಲಿಲ್ಲ. ಮೀಟರಪ್ಪ ಇದ್ದಿದ್ದರೆ ಇಂಗು ತಿಂದ ಮಂಗನಾಗುತ್ತಿದ್ದ. ಬಹಳ ದಿನದ ಮೇಲೆ ಹೊಟ್ಟೆತುಂಬ ಊಟ ಮಾಡಿದೆ.

ಮಾರ್ಚ್ ೧೬, ಭಾನುವಾರ

ಇವತ್ತೂ ಶುರುವಿಗೆ ಎಲ್ಲವೂ ಸರಿ. ಐದಾದ ಮೇಲೆ ಬಟ್ಟೆಯ ಹಿಂದಿನಿಂದ, "ಈಗ ಯಾವುದು?" ಎಂದಳು. ದೊಡ್ಡದು ಎಂದೆ. "ಈಗ?" ಚಿಕ್ಕದು ಎಂದೆ. "ಈಗ?" ಮತ್ತೆ ದೊಡ್ಡದು. "ಎಲ್ಲಾ ಸರಿ. ಆದ್ರೆ ನಾನಿನ್ನೂ ಹಾಡೇ ಹಾಕಿಲ್ಲ" ಎಂದಳು.

ದೊಡ್ಡದನ್ನು ಹಚ್ಚಿದಾಗ ಅದರೊಳಗೆ ಒಂದು 'ಟಕ್' ಎನ್ನುತ್ತದೆ. ಇಷ್ಟು ಬೆಲೆಯ ಪೆಟ್ಟಿಗೆ, ಬಾಗಿಲು ಹಾಕುವವರ ಹಾಗೆ ಟಕ್ ಎನ್ನುತ್ತದೆ. ನನಗೇ ಗೊತ್ತಿಲ್ಲದೆ ಅದನ್ನು ಹಿಡಿದು ಹೇಳುತ್ತಿದ್ದೆ.

ಆಮೇಲೆ ಎರಡನ್ನೂ ಹಚ್ಚಿಯೇ ಇಟ್ಟು, ತಂತಿ ಮಾತ್ರ ಬದಲಾಯಿಸಿದಳು. ಹತ್ತಕ್ಕೆ ನಾಲ್ಕು, ಮತ್ತೆ ಹತ್ತಕ್ಕೆ ಆರು. ಭಾನುವಾರ ಎಲ್ಲರ ಮನೆಯಲ್ಲೂ ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ ಓಡುತ್ತವೆ, ಕರೆಂಟು ಶುದ್ಧವಿರುವುದಿಲ್ಲ ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು. ನನಗೆ ಹೇಳಿದ್ದಲ್ಲವಂತೆ, ಸುಮ್ಮನೆ ನೆನಪಾಯಿತಂತೆ.

ಮಾರ್ಚ್ ೧೯, ಬುಧವಾರ

ಕೇಳಲು ಕೂತೆ. ಎದ್ದೆ. ಮತ್ತೆ ಕೂತೆ. ಎರಡೂ ಒಂದೇ ಎನಿಸುವ ಹೆದರಿಕೆಗೆ ಯಾವುದನ್ನೂ ಪೂರ್ತಿ ಕೇಳಲಾಗುತ್ತಿಲ್ಲ.

ಮಾರ್ಚ್ ೨೩, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ನಾಳೆಗಿಟ್ಟರೆ ಬಣ್ಣ ಹಚ್ಚುತ್ತೇನೆ.

ಬೆಳಿಗ್ಗೆ ಸಂಪಾದಕಿ, ಮೀಟರಪ್ಪ ಇಬ್ಬರೂ ಬಂದರು. ಅವನು ಸದ್ದಿಲ್ಲದೆ ಬದಲಾಯಿಸುವ ಒಂದು ಪೆಟ್ಟಿಗೆ ತಂದಿದ್ದ. ನನ್ನ ಕುರ್ಚಿಯ ತಲೆ ಬರುವ ಜಾಗದಲ್ಲಿ ಮೈಕು ಇಟ್ಟು, ಎರಡರ ಸದ್ದನ್ನೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಸಮ ಮಾಡಿದ. "ಒಂದು ಚೂರು ಜೋರಿದ್ರೆ ಸಾಕು ಸಾರ್, ಅದೇ ಚೆನ್ನಾಗಿದೆ ಅನಿಸಿಬಿಡುತ್ತೆ" ಎಂದ. ಹಾಡು ಆರಿಸಲು ನನಗೇ ಬಿಟ್ಟ. ಮನುಷ್ಯ ನ್ಯಾಯವಂತ, ಅದು ಇನ್ನೂ ಕಷ್ಟ. ಬೈಯಲಿಕ್ಕೂ ಏನೂ ಸಿಗಲಿಲ್ಲ.

ಅವನು ಬಟ್ಟೆಯ ಹಿಂದೆ ಕೂತು ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ದೊಡ್ಡದನ್ನೋ ಚಿಕ್ಕದನ್ನೋ ಓಡಿಸುತ್ತಿದ್ದ. ಅರ್ಧ ನಿಮಿಷ ಹಾಡು, ಆಮೇಲೆ ಮೌನ, ಮೌನದಲ್ಲಿ ನಾನು ಬರೆಯಬೇಕು. ಅಡುಗೆಮನೆಯ ಬಾಗಿಲು ತೆರೆದಿತ್ತು, ಆದರೆ ಅಲ್ಲಿಂದ ಈ ಕೋಣೆ ಕಾಣುವುದಿಲ್ಲ, ನಡುವೆ ಗೋಡೆ. ಹೆಂಡತಿ ಅಲ್ಲೇ ಕೂತು ತನ್ನ ಹಾಳೆಯಲ್ಲಿ ಬರೆಯುತ್ತಿದ್ದಳು. ಸನ್ನೆ ಗಿನ್ನೆ ನಡೆಯದಂತೆ ಸಂಪಾದಕಿ ಅವಳ ಪಕ್ಕದಲ್ಲೇ ಕಾವಲು ಕೂತರು.

ಮೊದಲ ನಾಲ್ಕು ಸುತ್ತು ಧೈರ್ಯವಾಗಿಯೇ ಬರೆದೆ. ಹನ್ನೆರಡರ ಮೇಲೆ ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ ಬರೆದೆ ಎಂದರೂ ಸುಳ್ಳಲ್ಲ.

ಮೀಟರಪ್ಪ ತನ್ನ ಹಾಳೆಯ ಜೊತೆ ನನ್ನದನ್ನು ಇಟ್ಟು ನೋಡಿದ. ಒಂಬತ್ತು ಸರಿ, ಏಳು ತಪ್ಪು. ಸುಮ್ಮನೆ ಊಹಿಸಿದರೆ ಎಂಟು ಬರುತ್ತದೆ. "ಒಂದು ಜಾಸ್ತಿ ಬಂದಿದೆ ಸಾರ್" ಎಂದ, ಸಮಾಧಾನಕ್ಕೆ. ಹೆಂಡತಿಯದನ್ನು ನೋಡಿದ. ಹತ್ತು ಸರಿ. ನನಗಿಂತ ಒಂದು ಹೆಚ್ಚು! ಸಂಪಾದಕಿ ನಕ್ಕರು. ನಾನು ನಗಲು ಹೋದೆ, ಆಗಲಿಲ್ಲ.

ಮೀಟರಪ್ಪ ಮಾತ್ರ ನಗದೆ ನಮ್ಮಿಬ್ಬರ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ನೋಡುತ್ತಿದ್ದ. ಬೆರಳಿಟ್ಟು ಎಣಿಸಿದ. "ಮೇಡಂ, ನೀವು ಬರೆದದ್ದೂ ಸಾರ್ ಬರೆದದ್ದೂ ಒಂದೇ ಇದೆ. ಸಾರ್ ತಪ್ಪಿದ ಕಡೆ ನೀವೂ ತಪ್ಪಿದ್ದೀರಿ, ಸರಿ ಇರೋ ಕಡೆ ಸರಿ. ಹದಿನಾರರಲ್ಲಿ ಹದಿನೈದು ಹೀಗೆ. ಇದು ಅಕಸ್ಮಾತ್ತಾಗಿ ಆಗೋದಲ್ಲ" ಎಂದ. ಸಂಪಾದಕಿಯ ಕಡೆ ನೋಡಿದ. ಅವರು, ಸನ್ನೆ ಇಲ್ಲ, ಮಾತಿಲ್ಲ, ನಾನು ಪಕ್ಕದಲ್ಲೇ ಇದ್ದೆ ಎಂದರು.

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು.

"ನನಗೆ ಪೆಟ್ಟಿಗೆಗಳ ವ್ಯತ್ಯಾಸ ಯಾವತ್ತೂ ಗೊತ್ತಾಗಿಲ್ಲ. ನಾನು ಕೇಳಿಸಿಕೊಳ್ಳೋದು ಇವರನ್ನ" ಎಂದಳು. "ಹಾಡು ನಿಂತ ಮೇಲೆ, ಇಷ್ಟ ಆಗಿದ್ರೆ ಮೂಗಿನಿಂದ ಉದ್ದಕ್ಕೆ ಉಸಿರು ಬಿಡ್ತಾರೆ. ಇಲ್ಲದಿದ್ರೆ ಸರಿದು ಕೂರ್ತಾರೆ, ಕುರ್ಚಿ ಕಿರ್ ಅನ್ನುತ್ತೆ. ಉಸಿರು ಬಂದ್ರೆ ದೊಡ್ಡದು ಅಂತ ಬರೆದೆ, ಕುರ್ಚಿ ಕೇಳಿಸಿದ್ರೆ ಚಿಕ್ಕದು."

"ಮತ್ತೆ ಆ ಒಂದು? ಹನ್ನೊಂದನೇದು ಬೇರೆ ಇದೆಯಲ್ಲ" ಎಂದ ಮೀಟರಪ್ಪ.

"ಆಗ ಚಹಾಕ್ಕೆ ನೀರು ಹಿಡೀತಿದ್ದೆ. ನಲ್ಲಿ ಸದ್ದಿನಲ್ಲಿ ಇವರು ಕೇಳಿಸಲಿಲ್ಲ. ಸುಮ್ಮನೆ ಏನೋ ಬರೆದೆ."

ಆ ಒಂದೇ ಅವಳಿಗೆ ಸರಿಯಾಗಿದ್ದು, ನನಗೆ ತಪ್ಪಾಗಿದ್ದು.

ಮೀಟರಪ್ಪ ಹಾಳೆಗಳನ್ನು ಮಡಚಲಿಲ್ಲ. "ಇಲ್ಲಿ ಏನೋ ಒಂದು ಅಳತೆ ಸರಿಯಾಗೇ ಆಗಿದೆ ಸಾರ್. ಆಂಪ್ಲಿಫೈಯರಿನದಲ್ಲ" ಎಂದ.

ಎಲ್ಲರೂ ಚಹಾ ಕುಡಿದು ಹೋದರು. ನನ್ನ ಪುಟ ಹೋಯಿತು.



 

ಮಾರ್ಚ್ ೨೬, ಬುಧವಾರ

ಭಾವಮೈದುನ ತನ್ನ ಆಂಪ್ಲಿಫೈಯರ್ ಒಯ್ಯಲು ಬಂದಿದ್ದ. ಅಕ್ಕ ಎಲ್ಲ ಹೇಳಿರಬೇಕು. "ಭಾವ, ಊರೆಲ್ಲ ಬಂಗಾರದ ಕಿವಿ ಅಂತಿತ್ತು, ಕಡೆಗೆ ಹಿತ್ತಾಳೆ ಕಿವಿ ಆಗೋಯ್ತಲ್ಲ. ಯಾರು ಚೆನ್ನಾಗಿದೆ ಅಂದ್ರೂ ನಂಬೋದೇ?" ಎಂದ. ತನ್ನ ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು, ಕಾರಿನ ಬೆಲೆ ಬಾಳುವುದನ್ನು ಹೊತ್ತವನಂತೆ ಮೆಟ್ಟಿಲು ಇಳಿದ. ದೊಡ್ಡದನ್ನು ಕಂಪನಿಯವರು ಬೆಳಿಗ್ಗೆಯೇ ಒಯ್ದರು. ನನ್ನ ಹಳೆಯ ಆಂಪ್ಲಿಫೈಯರ್, ಸ್ಪೀಕರ್, ಕುರ್ಚಿ ಬಿಟ್ಟರೆ ಕೋಣೆ ಖಾಲಿಯಾಗಿದೆ.

ಮಾರ್ಚ್ ೨೯, ಶನಿವಾರ

ಇವತ್ತು ತಡೆಯಲಾಗದೆ ಕೇಳಿದೆ. ಇಷ್ಟು ವರ್ಷ ಸುಳ್ಳು ಹೇಳಿಕೊಂಡು ಬಂದೆಯಾ ಎಂದು.

"ಸುಳ್ಳೇನು ಬಂತು? ಹೇಗಿದೆ ಅಂತ ಕೇಳ್ತಿದ್ರಿ. ನಿಮಗೆ ಖುಷಿಯಾಗಿದೆ ಅಂತ ಗೊತ್ತಾಗ್ತಿತ್ತು. ಚೆನ್ನಾಗಿದೆ ಅಂತಿದ್ದೆ. ನಿಮಗೆ ಬೇಕಾಗಿದ್ದೂ ಅದೇ."

"ಅದನ್ನ ನಾನು ಪತ್ರಿಕೆಯಲ್ಲಿ ಬರೀತಿದ್ದೆ."

"ಅದು ನನಗೆ ಹೇಗೆ ಗೊತ್ತಾಗಬೇಕು? ಬರೀತೀನಿ ಅಂತ ಯಾವತ್ತಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ.

ಏಪ್ರಿಲ್ ೨, ಬುಧವಾರ

ಏನನ್ನೂ ಹಾಕದೆ ಕುರ್ಚಿಯಲ್ಲಿ ಕೂತಿದ್ದೆ. ಅವಳು ಕೆಲಸದಿಂದ ಬಂದಳು. ಒಂದು ಚಪ್ಪಲಿ ಬಿಟ್ಟು, ಸ್ವಲ್ಪ ತಡೆದು ಇನ್ನೊಂದು ಬಿಟ್ಟಳು. ಎಡಗಾಲು ಎಳೆಯುತ್ತಾಳೆ. ಕಾಲು ನೋವೇ ಎಂದು ಕೇಳಿದೆ. "ಹೋದ ವರ್ಷದಿಂದ" ಎಂದಳು. ಡಾಕ್ಟರಿಗೆ ತೋರಿಸಿದಳಂತೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾಳಂತೆ. ಮಾತ್ರೆಯ ಡಬ್ಬಿ ಊಟದ ಮೇಜಿನ ಮೇಲೇ ಇದೆ.

ಪತ್ರಿಕೆಯವರು ಕೊನೆಯ ಪುಟದಲ್ಲಿ ಸಣ್ಣದೊಂದು ಜಾಗ ಕೊಡುತ್ತಾರಂತೆ, ಹಳೆಯ ನೆನಪುಗಳನ್ನು ಬರೆಯಲು. ಉತ್ತರ ಕೊಟ್ಟಿಲ್ಲ.

ಏಪ್ರಿಲ್ ೫, ಶನಿವಾರ

ಅವಳಿಗೆ ಸಾಧ್ಯವಾಗಿದ್ದು ನನಗೆ ಯಾಕಾಗಬಾರದು ಎನ್ನುವ ಹಠ ಹುಟ್ಟಿತು. ಕಿವಿಯಿಂದಲೇ ಹೆಸರು ಮಾಡಿದವನು ನಾನು. ಗೋಡೆಯಾಚೆ ಕೂತವಳಿಗೆ ಯಾವ ಹಾಡು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ಹೇಳುವುದು ಎಷ್ಟರ ಮಾತು? ನೀನು ಕುರ್ಚಿಯಲ್ಲಿ ಕೂರು, ನಾನು ಅಡುಗೆಮನೆಗೆ ಹೋಗುತ್ತೇನೆ ಎಂದೆ. ನಕ್ಕಳು. "ಏನು, ನಮ್ಮಿಬ್ಬರಲ್ಲಿ ಪರೀಕ್ಷೆಯಾ?" ಎಂದಳು. ಆದರೂ ಕೂತಳು. ಆ ಕುರ್ಚಿಯಲ್ಲಿ ಅವಳು ಕೂತದ್ದನ್ನು ನಾನು ಹಿಂದೆ ನೋಡಿದ ನೆನಪಿಲ್ಲ. ಕಾಲು ನೆಲಕ್ಕೆ ಸರಿಯಾಗಿ ಎಟುಕಲಿಲ್ಲ, ಕೆಳಗೆ ದಿಂಬು ಇಟ್ಟೆ.

ಹತ್ತು ರೆಕಾರ್ಡು ಆರಿಸಿ ಸಾಲಾಗಿ ಇಟ್ಟಿದ್ದೆ. ಅವಳೇ ಒಂದೊಂದಾಗಿ ಹಾಕಿಕೊಂಡು, ಹಿಡಿಸಿತೋ ಇಲ್ಲವೋ ತನ್ನ ಹಾಳೆಯಲ್ಲಿ ಗುರುತು ಹಾಕಬೇಕು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನನ್ನ ಹಾಳೆಯಲ್ಲಿ ಊಹಿಸಿ ಬರೆಯಬೇಕು.

ಅಲ್ಲಿಂದ ಹಾಡು ಚೆನ್ನಾಗಿಯೇ ಕೇಳಿಸುತ್ತದೆ. ಅವಳು ಕೇಳಿಸಲಿಲ್ಲ. ಹಾಡು ನಿಂತ ಮೇಲೆ ಉಸಿರು ಬಿಗಿಹಿಡಿದು ಕಾದೆ. ಉಸಿರಿಲ್ಲ, ಕುರ್ಚಿಯ ಸದ್ದಿಲ್ಲ. ಫ್ರಿಜ್ಜಿನದು ಮಾತ್ರ ಕೇಳಿಸಿತು. ಮೂರು ಹಾಡು ಹೀಗೇ ಕಳೆದವು. ಬಾಗಿಲ ತನಕ ಹೋಗಿ ಇಣುಕಬೇಕು ಎನಿಸಿತು. ಇಣುಕಿದರೆ ಪರೀಕ್ಷೆ ಕೆಡುತ್ತದೆ ಎಂದು ವಾಪಸ್ಸು ಬಂದು ಕೂತೆ. ಏಳನೆಯದಕ್ಕೆ ಮಾತ್ರ ಸಣ್ಣದೊಂದು ಸದ್ದು ಬಂತು, ಗಂಟಲಿನದೋ ಮೂಗಿನದೋ. ಅದೇ ಅವಳ ಉದ್ದನೆಯ ಉಸಿರು, ಸಿಕ್ಕಿಬಿದ್ದಳು ಎಂದುಕೊಂಡು 'ಬಹಳ ಹಿಡಿಸಿತು' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದೆವು. ಹತ್ತಕ್ಕೆ ನಾಲ್ಕು. ನಾಣ್ಯ ಚಿಮ್ಮಿದ್ದರೂ ಐದು ಬರುತ್ತಿತ್ತು. ಏಳನೆಯದರ ಮುಂದೆ ಅವಳು 'ಇಲ್ಲ' ಎಂದು ಬರೆದಿದ್ದಳು.

ನಾನು ಒಪ್ಪಲಿಲ್ಲ. ಅದು ಒಂಟಿ ಚೆಲ್ಲೋ ನುಡಿಸಿದ ರೆಕಾರ್ಡು, ಯಾವ ಪೆಟ್ಟಿಗೆ ಬಂದರೂ ನಾನು ಮೊದಲು ಹಾಕಿ ನೋಡುವುದು ಅದನ್ನೇ. ಅದು ಹಿಡಿಸದವರು ಯಾರಿದ್ದಾರೆ, ನನಗೆ ಸದ್ದು ಕೇಳಿಸಿತಲ್ಲ ಎಂದೆ.

"ಸದ್ದು ಬಂದಿರಬಹುದು" ಎಂದಳು. "ಅಮ್ಮ ಹೋದ್ರು ಅಂತ ಫೋನ್ ಬಂದಾಗ ಇದೇ ಓಡ್ತಿತ್ತು. ಆಮೇಲೆ ಒಂದು ದಿನ ನಿಮಗೆ ಹೇಳಿದ್ದೆ, ನಾನು ಮನೇಲಿರುವಾಗ ಇದನ್ನ ಹಾಕಬೇಡಿ, ನನ್ನಿಂದ ಕೇಳೋಕಾಗಲ್ಲ ಅಂತ. ನೀವು ಹೂಂ ಅಂದ್ರಿ."

ನನಗೆ ನೆನಪಿಲ್ಲ. ಅವಳು ಹೇಳಿದ್ದಾಳೆಂದರೆ ಹೇಳಿರುತ್ತಾಳೆ. ನಾನು ಹೂಂ ಎಂದಿರುತ್ತೇನೆ, ಕುರ್ಚಿಯಲ್ಲಿ ಕೂತು, ಬೇರೆ ಏನನ್ನೋ ಕೇಳುತ್ತಾ.

ಅತ್ತೆ ತೀರಿಹೋಗಿ ಆರು ವರ್ಷ. ಆಮೇಲೆ ಬಂದ ಪ್ರತಿಯೊಂದು ಪೆಟ್ಟಿಗೆಗೂ ಆ ರೆಕಾರ್ಡು ಹಾಕಿದ್ದೇನೆ. ಹಾಕಿದಾಗಲೆಲ್ಲ ಹೇಗಿದೆ ಎಂದು ಕೂಗಿ ಕೇಳಿದ್ದೇನೆ. ಚೆನ್ನಾಗಿದೆ ಎಂದು ಅವಳು ಅಡುಗೆಮನೆಯಿಂದ ಕೂಗಿ ಹೇಳಿದ್ದಾಳೆ. ಅದನ್ನು ನಾನು ಬರೆದು ಅಚ್ಚು ಹಾಕಿಸಿದ್ದೇನೆ.